ಮೊಹೆಂಜೊದಾರೊದ ಚರಂಡಿ

ಬಿನ್ನಿಪೇಟೆ
೧೪ ನವೆಂಬರ್ ೧೯೯೭

ಬದರೀನಾರಾಯಣ ಮೇಷ್ಟ್ರಿಗೆ ರಂಜಿನಿಯ ನಮಸ್ಕಾರಗಳು.

ಮಕ್ಕಳಿಗಾಗಿ ನಾವಿಬ್ಬರೂ ಸೇರಿ ಬರೆದ ಪ್ರಾಚೀನ ನಾಗರಿಕತೆಗಳ ಪುಸ್ತಕವನ್ನು ಇಂದು ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ನೋಡಿದೆ. ನೈಲ್ ನದಿಯ ಚಿತ್ರ ಅಂದವಾಗಿ ಬಂದಿದೆ. ಮೊಹೆಂಜೊದಾರೊದ ಅಧ್ಯಾಯದಲ್ಲಿ ನನ್ನದೊಂದು ಪುಟ ಇಲ್ಲ. ಅಷ್ಟು ಒಳ್ಳೆಯ ಚರಂಡಿಗಳಿದ್ದ ಊರಿನಲ್ಲಿ ಅವುಗಳೊಳಗೆ ಇಳಿದು ಬಳಿಯುತ್ತಿದ್ದವರು ಯಾರು, ಅವರ ಮನೆ ಯಾವ ಬೀದಿಯಲ್ಲಿತ್ತು ಎಂದು ಕೇಳಿದ್ದ ಪುಟ.

ಪ್ರೆಸ್ಸಿನವರನ್ನು ವಿಚಾರಿಸಿದೆ. "ಮೇಷ್ಟ್ರೇ ಬಂದು ತೆಗೆಸಿದ್ರಮ್ಮಾ. ಮಕ್ಕಳ ಪುಸ್ತಕದಲ್ಲಿ ಗಲೀಜು ಯಾಕೆ ಅಂದ್ರು" ಎಂದರು.

ಬಸವನಗುಡಿಯ ನಿಮ್ಮ ಮನೆಯ ಜಗಲಿಯಲ್ಲಿ ಅದನ್ನು ನನ್ನಿಂದ ಓದಿಸಿದವರು ನೀವು. "ಗೋದಾ, ಬಾ ಇಲ್ಲಿ. ನಮ್ಮ ಹುಡುಗಿ ಏನು ಕೇಳ್ತಿದಾಳೆ ನೋಡು" ಎಂದು ಅಮ್ಮನವರನ್ನೂ ಕರೆದಿರಿ. ನನ್ನ ಅಪ್ಪ ಒಳಚರಂಡಿ ಕೆಲಸದವರೆಂದು ನಾನು ಹೊರಗಿನವರೊಬ್ಬರಿಗೆ ಹೇಳಿದ್ದು ಅಂದೇ ಮೊದಲು. ನೀವು ಕಾಫಿ ಲೋಟವನ್ನು ನನ್ನ ಕಡೆ ಸರಿಸಿದಿರಿ. ಅದನ್ನು ನಂಬಿದೆ. ಪುಟ ಬೇಡವೆಂದು ನನಗೇ ಹೇಳಬಹುದಿತ್ತು.

ಭಾನುವಾರದ ಬಿಡುಗಡೆಗೆ ನಾನು ಬರುವುದಿಲ್ಲ. ಮುಂದಿನ ಮುದ್ರಣದಲ್ಲಿ ನನ್ನ ಹೆಸರನ್ನೂ ತೆಗೆಸಿ. ಅದು ನಿಮಗೆ ಕಷ್ಟವಾಗಲಾರದು.

ಆ ಪುಟದ ಕೈಬರಹ ನಿಮ್ಮಲ್ಲಿದೆ, ನನ್ನ ಬಳಿ ನಕಲಿಲ್ಲ. ದಯವಿಟ್ಟು ಅಂಚೆಯಲ್ಲಿ ಕಳುಹಿಸಿಕೊಡಿ. ಅಪ್ಪನಿಗೆ ಓದಲು ಬರುವುದಿಲ್ಲ. ಪುಸ್ತಕ ಬಂದ ದಿನ ಒಂದಕ್ಷರವೂ ಬಿಡದೆ ಓದಿ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೇನೆ.

ರಂಜಿನಿ