ಕೇಳದ ರಜೆ, ಬಾರದ ಮುಟ್ಟು

ಕಾರ್ಖಾನೆಗಳ ತಪಾಸಣೆಗೆ ಬರುವ ಮಾನ್ಯ ಅಧಿಕಾರಿಗಳೇ,

ಹೋದ ತಿಂಗಳು ತಾವು ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಬಂದಿದ್ದಿರಿ. ಬಂದಿರಿ, ನೋಡಿದಿರಿ, ಕಾಫಿ ಕುಡಿದಿರಿ, ವರದಿ ಬರೆದಿರಿ. ಆ ವರದಿಯ ಒಂದು ಪುಟವನ್ನು ಆಡಳಿತದವರು ಗೇಟಿನ ಪಕ್ಕದ ಬೋರ್ಡಿಗೆ ಅಂಟಿಸಿದ್ದಾರೆ. 'ಮುಟ್ಟಿನ ರಜೆ ಕೋರಿದವರು: ಯಾರೂ ಇಲ್ಲ. ಮಹಿಳಾ ಕಾರ್ಮಿಕರ ಆರೋಗ್ಯ ತೃಪ್ತಿಕರ.' ಈ ತೃಪ್ತಿಯ ಸಂತೋಷಕ್ಕೆ ಅಂದು ಎಲ್ಲರಿಗೂ ಒಂದೊಂದು ತುಂಡು ಮೈಸೂರುಪಾಕು ಹಂಚಿದರಂತೆ. ನನ್ನ ವಠಾರದ ದಾನೇಶ್ವರಿ ತನ್ನ ಪಾಲನ್ನು ಪೇಪರಿನಲ್ಲಿ ಸುತ್ತಿ ತಂದು ನನಗೆ ಕೊಟ್ಟಳು. ಯಾತಕ್ಕೆ ಹಂಚಿದರು ಎಂದು ಕೇಳದೆ ತಿಂದುಬಿಟ್ಟೆ.

ಸರ್ಕಾರ ತಿಂಗಳಿಗೊಂದು ದಿನ ಕೊಟ್ಟಿರುವ ಆ ರಜೆಯನ್ನು ದಾನೇಶ್ವರಿ ಕೇಳಲಿಲ್ಲ, ನಿಜ. ಕೇಳುವುದಕ್ಕೆ ಅವಳಿಗೆ ಮುಟ್ಟೇ ಆಗಿಲ್ಲ. ಏಳು ತಿಂಗಳಾಯಿತು. ಅವಳ ಲೈನಿನಲ್ಲೇ ಇನ್ನೂ ನಾಲ್ವರದ್ದು ಇದೇ ಕಥೆಯಂತೆ. ಮುಟ್ಟಾಗುವ ಮಿಕ್ಕವರು, ಎಲ್ಲರೆದುರು ಗಂಡಸು ಸೂಪರ್‌ವೈಸರನ ಮುಂದೆ ನಿಂತು ಹೇಗೆ ಬಾಯಿಬಿಡುವುದೆಂದು ಸುಮ್ಮನಿದ್ದಾರೆ. ತಮ್ಮ 'ಯಾರೂ ಇಲ್ಲ' ಎಂಬ ಎರಡು ಪದಗಳ ಒಳಗೆ ಇಷ್ಟೆಲ್ಲ ಇದೆ, ಸ್ವಾಮಿ. ತಾವು ಯಾರನ್ನಾದರೂ ಕೇಳಿದಿರಾ?

ಈ ಸಂಗತಿ ನಿನಗೆ ಹೇಗೆ ಗೊತ್ತು ಎನ್ನಬಹುದು. ನಾನು ರಾಜಗೋಪಾಲನಗರದಲ್ಲಿ ಎಂಟು ಶೀಟಿನ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಹೆಂಗಸು. ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗ ಅದು. ಅಂಗಳದಲ್ಲಿ ಅವರ ಕಾಲದ ಮುನೇಶ್ವರನ ಗುಡಿಯಿದೆ. ವಠಾರದ ಹೆಂಗಸರು ಸರದಿಯ ಮೇಲೆ ವಾರಕ್ಕೊಬ್ಬರು ಅದರ ಮುಂದೆ ಸಾರಿಸಿ, ರಂಗೋಲಿಯಿಟ್ಟು ದೀಪ ಹಚ್ಚಬೇಕು. ಹೊರಗಾದವರು ಸರದಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸುತ್ತಾರೆ. ಈ ಕಟ್ಟಳೆ ಸರಿಯೋ ತಪ್ಪೋ, ಅದಕ್ಕೆ ನನ್ನನ್ನು ಆಮೇಲೆ ಬೈಯಿರಿ. ಯಾರು ಸರದಿ ಬಿಟ್ಟರು, ಯಾರು ಬಿಡಲಿಲ್ಲ ಎಂಬುದು ಇದರಿಂದ ನನಗೆ ಗೊತ್ತಾಗುತ್ತದೆ. ದಾನೇಶ್ವರಿ ತನ್ನ ಸರದಿಯನ್ನೂ ಬಿಡಲಿಲ್ಲ, ಬೇರೆಯವರು ಒಪ್ಪಿಸಿದ್ದನ್ನೂ ಬೇಡವೆನ್ನಲಿಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು.

ಇಪ್ಪತ್ತನಾಲ್ಕರ ಹುಡುಗಿ, ಮದುವೆಯಾಗಿ ಎರಡು ವರ್ಷ. ಗಂಡ ಬಸಲಿಂಗ ಸೆಂಟ್ರಿಂಗ್ ಕೆಲಸದವನು. ಊರು ಕುಷ್ಟಗಿ ಕಡೆಯ ಹಳ್ಳಿ. ನನಗೆ ಇನ್ನೇನು ಹೊಳೆಯಬೇಕು? 'ಏನೇ, ವಿಶೇಷಾನಾ?' ಎಂದು ಗಲ್ಲ ಹಿಡಿದು ಕೇಳಿದೆ. ನಾಚಿಕೊಂಡಳು. ಅವಳಿಗೂ ಹಾಗೇ ಇರಬಹುದೆಂಬ ಆಸೆ. ಪರೀಕ್ಷೆ ಮಾಡಿಸಲು ಅವಳಿಗೆ ರಜೆಯಿರಲಿಲ್ಲ, ತಡೆದುಕೊಳ್ಳಲು ನನಗೆ ತಾಳ್ಮೆಯಿರಲಿಲ್ಲ. ಅವತ್ತೇ ಅವಳ ಅತ್ತೆ ಮುದುಕವ್ವನಿಗೆ ಫೋನು ಮಾಡಿ ಶುಭ ಸುದ್ದಿ ಹೇಳಿಬಿಟ್ಟೆ.

ಪಾಪದ ಹೆಂಗಸು ಹಸಿರು ಸೀರೆ, ಹಸಿರು ಬಳೆ, ಐದು ತರದ ಅಡಿಗೆಯ ಬುತ್ತಿ ಹೊತ್ತು ಬಸ್ಸಿಳಿದಳು. ಆ ಹತ್ತಡಿಯ ರೂಮಿನಲ್ಲೇ ಸೊಸೆಗೆ ಕಳ್ಳಕುಬಸ ಮಾಡಿದಳು. ಐದನೇ ತಿಂಗಳಲ್ಲಿ ಯಾರಿಗೂ ಹೇಳದೆ ಬಸುರಿಗೆ ಉಡಿತುಂಬುವುದು ಅವರ ಕಡೆಯ ಪದ್ಧತಿ. ನಾನೇ ಮುಂದೆ ನಿಂತು ಆರತಿ ಎತ್ತಿದೆ. ಮರುದಿನ ಕೈತುಂಬ ಹಸಿರು ಬಳೆ ನೋಡಿದ ಸೂಪರ್‌ವೈಸರ್, 'ಬಸ್ರೀನಾ? ಟಾರ್ಗೆಟ್ ಕೊಡಕ್ಕಾಗಲ್ಲ ನಿನ್ಕೈಲಿ, ಒಂದು ರಾಜೀನಾಮೆ ಬರ್ದಿಟ್ಬುಡು' ಎಂದನಂತೆ. ಆ ಕೆಲಸ ಉಳಿಸಿಕೊಳ್ಳಲು ಬಸುರಿಯಾದರೂ ದುಡಿಯಬಲ್ಲಳೆಂಬ ಡಾಕ್ಟರ ಚೀಟಿ ಬೇಕೆಂದು ಆಸ್ಪತ್ರೆಗೆ ಹೋದೆವು. ಬಸಿರಿರಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ರಕ್ತ, ಸ್ಕ್ಯಾನು ಎಲ್ಲ ನೋಡಿದ ಮೇಲೆ ಕೂರಿಸಿಕೊಂಡು ಹೇಳಿದರು: 'ಗರ್ಭಕೋಶಕ್ಕೆ ಏನೂ ಆಗಿಲ್ಲಮ್ಮ. ತೂಕ ನೋಡು, ಮೂವತ್ತೇಳು ಕೆಜಿ. ಊಟ ಸಾಲ್ತಿಲ್ಲ, ದಿನಾ ಮೈಮುರಿಯೋ ಕೆಲಸ, ಮೇಲೆ ಟೆನ್ಷನ್ನು. ಇರೋ ಶಕ್ತಿ ನಿನಗೇ ಸಾಲ್ದೇ ಇರೋವಾಗ ಇನ್ನೊಂದು ಜೀವಕ್ಕೆ ಮೈ ಎಲ್ಲಿಂದ ತರುತ್ತೆ? ಅದಕ್ಕೇ ಮುಟ್ಟು ನಿಲ್ಲಿಸಿಬಿಟ್ಟಿದೆ.'

'ಮಕ್ಕಳಾಗ್ತಾವ್ರೀ?' ಎಂದು ಕೇಳಿದಳು ದಾನೇಶ್ವರಿ.

'ಯಾಕಾಗಲ್ಲ? ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಾ ತಿನ್ನು, ರೆಸ್ಟ್ ತಗೋ. ಕೆಲವು ತಿಂಗಳು ಹಿಡಿಯುತ್ತೆ, ಆದ್ರೆ ವಾಪಸ್ ಬರುತ್ತೆ. ಹಿಂಗೇ ಬಿಟ್ರೆ ಮಾತ್ರ ಮೂಳೆನೂ ಸವೆದುಹೋಗುತ್ತೆ.'

ಮಾರತ್ತಹಳ್ಳಿಯ ಐಟಿ ಆಫೀಸಿನಲ್ಲಿರುವ ನನ್ನ ತಂಗಿಯ ಮಗಳು ದೀಪುಗೂ ಹೀಗೇ ಆಗಿತ್ತು. ಅವಳದ್ದು ಜಿಮ್ಮು, ಓಟ, ಎರಡು ಎಲೆ ಸೊಪ್ಪಿನ ಊಟ. ಡಾಕ್ಟರು ಬೈದರು, ಓಡುವುದು ಬಿಟ್ಟು ಅನ್ನ ತಿಂದಳು, ಆರು ತಿಂಗಳಲ್ಲಿ ಸರಿಹೋಯಿತು. ದೀಪು ಓಟ ನಿಲ್ಲಿಸಬಹುದಿತ್ತು, ನಿಲ್ಲಿಸಿದಳು. ದಾನೇಶ್ವರಿ ಯಾವುದನ್ನು ನಿಲ್ಲಿಸಬೇಕು, ತಾವೇ ಹೇಳಿ.

ಇಡೀ ದಿನ ನಿಂತು ಇಸ್ತ್ರಿ ಹಾಕುತ್ತಾಳೆ. ಊಟಕ್ಕೆ ಅರ್ಧ ಗಂಟೆ. ಅದರಲ್ಲಿ ಮೂರು ಮಹಡಿ ಇಳಿಯಬೇಕು, ಕೈತೊಳೆಯಲು ಸಾಲು ನಿಲ್ಲಬೇಕು, ತಿರುಗಿ ಹತ್ತಬೇಕು. ನಾಲ್ಕು ತುತ್ತು ಉಂಡು ಡಬ್ಬಿ ಮುಚ್ಚುತ್ತಾಳೆ. ನೀರು ಕುಡಿಯುವ ಹಾಗಿಲ್ಲ, ಯಾಕೆಂದರೆ ಪಾಯಿಖಾನೆಗೆ ಹೋಗಲು ಇಡೀ ಲೈನಿಗೆ ಒಂದೇ ಪಾಸು. ನೀರಿಲ್ಲದೆ ಒಣ ಚಿತ್ರಾನ್ನ ಗಂಟಲಲ್ಲಿ ಇಳಿಯುತ್ತದೆಯೇ? ತಾವು ಒಂದು ದಿನ ಇಳಿಸಿ ನೋಡಿ.

ಡಾಕ್ಟರ ಚೀಟಿ ಹಿಡಿದು ಸೂಪರ್‌ವೈಸರನ ಹತ್ತಿರ ಹೋದಳು. ಅವನು ಕಾನೂನು ಬಲ್ಲವನು. 'ರೆಸ್ಟ್ ಬೇಕಾ? ಮುಟ್ಟಿನ ರಜೆ ಇದ್ಯಲ್ಲ, ತಗೋ' ಎಂದ.

'ಮುಟ್ಟು ಆಗವಲ್ದು ಅಂತನ ರೆಸ್ಟ್ ಬೇಕಾಗೇತ್ರಿ ಸರ.'

'ಮುಟ್ಟಾಗ್ದೆ ಮುಟ್ಟಿನ ರಜೆ ಹೆಂಗಮ್ಮ ಕೊಡ್ಲಿ? ತಮಾಷೆ ಮಾಡ್ತೀಯಾ?'

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ ಅಲ್ಲವೇ? ಆ ರಜೆ ಬೇಡವೆಂದು ನಾನು ಹೇಳುತ್ತಿಲ್ಲ. ಮುಟ್ಟಾದವಳಿಗೆ ಅದು ಬೇಕೇ ಬೇಕು. ಆದರೆ ಮುಟ್ಟೇ ನಿಂತುಹೋಗುವಷ್ಟು ದುಡಿಸಿಕೊಂಡು, ರಜೆ ಕೇಳಲಿಲ್ಲ, ಆದ್ದರಿಂದ ಆರೋಗ್ಯವಾಗಿದ್ದಾಳೆ ಎಂದು ಷರಾ ಬರೆಯುವುದು ಯಾವ ನ್ಯಾಯ? ಹುಡುಗಿಗೆ ಈಗ ಇಸ್ತ್ರಿಯ ಜೊತೆಗೆ ಇನ್ನೊಂದು ಕಾವು. ಬಸಿರಿಲ್ಲವೆಂದು ತಿಳಿದ ಮುದುಕವ್ವ, 'ಯುಗಾದಿತನಕ ನೋಡ್ತೇನಿ. ಆಮ್ಯಾಲ ಮಗಗ ಬ್ಯಾರೆ ಹೆಣ್ಣು ತರತೇನಿ' ಎಂದು ಹೇಳಿ ಊರಿಗೆ ಹೋದಳು. ಬಸಲಿಂಗ ತಲೆ ತಗ್ಗಿಸಿ ನಿಂತಿದ್ದ. ಯುಗಾದಿಗೆ ಇನ್ನು ನಾಲ್ಕೇ ತಿಂಗಳು. ನನ್ನ ಬಾಯಿಚಪಲದಿಂದ ಆ ಹುಡುಗಿಯ ಬಾಳಿಗೆ ಗಡುವು ಬಿತ್ತಲ್ಲ ಎಂದು ನನಗೆ ಸಂಕಟವಾಗುತ್ತದೆ.

ಮಾನ್ಯರೇ, ನಾವಿಬ್ಬರೂ ಮಾಡಿದ್ದು ಒಂದೇ ತಪ್ಪು. ಬರಬೇಕಾದದ್ದು ಬರಲಿಲ್ಲ. ನಾನು ಅದನ್ನು ಬಸಿರೆಂದುಕೊಂಡೆ, ತಾವು ಆರೋಗ್ಯವೆಂದುಕೊಂಡಿರಿ. ನಾನು ಸುದ್ದಿ ಹಬ್ಬಿಸಿದೆ, ತಾವು ಸಹಿ ಹಾಕಿದಿರಿ. ನಾನು ಅವಳ ಕೈಹಿಡಿದು ತಪ್ಪಾಯಿತೆಂದಿದ್ದೇನೆ. ನೀರಿನ ಮೋಟರನ್ನು ಬೆಳಗಿನ ಜಾವ ನಾಲ್ಕೂವರೆಗೆ ಹಾಕುತ್ತಿದ್ದವಳು ಈಗ ಸಂಜೆಯೇ ಅವಳ ಡ್ರಮ್ಮು ತುಂಬಿಸಿಡುತ್ತೇನೆ. ಬೆಳಗ್ಗೆ ಒಂದು ತಾಸು ಹೆಚ್ಚು ಮಲಗುತ್ತಾಳೆ. ನನ್ನ ಕಣ್ಣೆದುರೇ ರಾಗಿಮುದ್ದೆ ತಿಂದು ಹೊರಡುತ್ತಾಳೆ. ಮಿಕ್ಕಿದ್ದು ತಮ್ಮ ಕೈಯಲ್ಲಿದೆ. ಆ ಪುಟವನ್ನು ಬೋರ್ಡಿನಿಂದ ಕೀಳಿಸಿ. ಮುಂಚೆ ತಿಳಿಸದೆ ಒಂದು ಮಧ್ಯಾಹ್ನ ಬಂದು ಅವರ ಪಕ್ಕ ಡಬ್ಬಿ ಬಿಚ್ಚಿ ಕೂತು ಉಣ್ಣಿ. ಜೊತೆಗೊಬ್ಬ ಲೇಡಿ ಡಾಕ್ಟರನ್ನು ಕರೆತಂದು, ಸೂಪರ್‌ವೈಸರನನ್ನು ಆಚೆ ಕಳಿಸಿ, ಮುಟ್ಟು ನಿಂತವರು ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳಿ. ಆ ಪಾಸು ಹೋಗಲಿ, ಊಟಕ್ಕೆ ಪೂರ್ತಿ ಒಂದು ಗಂಟೆ ಸಿಗಲಿ, ಡಾಕ್ಟರ ಚೀಟಿಗೆ ಬೆಲೆ ಬರಲಿ.

ಈ ಪತ್ರದಲ್ಲಿ ಅವಳ ಹೆಸರು ಹಾಕಲೋ ಬೇಡವೋ ಎಂದು ದಾನೇಶ್ವರಿಯನ್ನೇ ಕೇಳಿದೆ. 'ಬರೀರಿ ಅಮ್ಮಾರ, ಫ್ಯಾಕ್ಟರ್‍ಯಾಗ ಬರೇ ನಂಬರ್ ಆಗೇನಿ, ಪೇಪರದಾಗರ ಹೆಸರಿರಲಿ' ಎಂದಳು.

ಈ ಪತ್ರ ಬರೆಯುವ ಮುಂಚೆ ಮುದುಕವ್ವನಿಗೆ ಮತ್ತೆ ಫೋನು ಮಾಡಿದ್ದೆ. ತಪ್ಪು ನನ್ನದು, ದೋಷ ನಿನ್ನ ಸೊಸೆಯದಲ್ಲ, ಹೊತ್ತಿಗೆ ಉಂಡರೆ ಎಲ್ಲ ಸರಿಹೋಗುತ್ತದೆಂದು ಡಾಕ್ಟರಮ್ಮ ಅಂದಿದ್ದಾರೆ ಎಂದೆ. ಯುಗಾದಿಯ ಮಾತೆತ್ತಲಿಲ್ಲ. ಇಷ್ಟೇ ಕೇಳಿದಳು: 'ದುಡಿಯೋ ಎತ್ತಿಗೂ ಮಧ್ಯಾಹ್ನ ನೊಗಾ ಇಳಸ್ತೀವ್ರಿ ನಾವು. ಅಕೀಗೆ ಉಣ್ಣಾಕ ಬಿಡವಲ್ರು ಯಾರ್ರೀ?'

ಉತ್ತರಕ್ಕೆ ಅವಳಿಗೆ ತಮ್ಮ ಕಚೇರಿಯ ವಿಳಾಸ ಕೊಟ್ಟಿದ್ದೇನೆ.

ಇಂತಿ,
ನಿಂತ ಮುಟ್ಟಿಗೆ ಆರತಿ ಎತ್ತಿದ,
ನಾಗಲಕ್ಷ್ಮಮ್ಮ
ರಾಜಗೋಪಾಲನಗರ