ಹದಿನೇಳನೇ ಬಾಟಲಿಗೆ ಗುಲಾಬಿ ನೀರು ಬಂದ ಬಗೆ

ಮಾನ್ಯ ಕುಲಸಚಿವರೇ,

ಕೆರೆಯ ಕೆಸರಿನಲ್ಲಿ ಗುಲಾಬಿ ನೀರು ಮತ್ತು ಜೇನುತುಪ್ಪ ಹೇಗೆ ಬಂದವು ಎಂಬುದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದೂ, ಅಲ್ಲಿಯವರೆಗೆ ಪಿಎಚ್‌ಡಿ ಪ್ರಬಂಧವನ್ನು ತಡೆಹಿಡಿಯಲಾಗಿದೆ ಎಂದೂ ನೀವು ನನ್ನ ಹೆಂಡತಿಗೆ ನೋಟಿಸು ಕಳಿಸಿದ್ದೀರಿ. ಸಮಜಾಯಿಷಿ ಒಂದೇ ಸಾಲಿನದು: ನಮ್ಮ ಚಿಕ್ಕಮ್ಮ ಹಾಕಿದರು. ಆದರೆ ಆ ಕೆಸರು ನಿಮ್ಮ ಅಷ್ಟು ದೊಡ್ಡ ವಿಶ್ವವಿದ್ಯಾಲಯವನ್ನು ಬಿಟ್ಟು ನಮ್ಮ ಅಡುಗೆಮನೆಯ ಫ್ರಿಜ್ಜಿಗೆ ಬಂದದ್ದು ಹೇಗೆ ಎಂಬುದಕ್ಕೆ ಸಮಜಾಯಿಷಿ ಕೊಡಬೇಕಾದವರು ತಾವು. ಅದನ್ನು ಕೇಳಿ ಮೂರು ಪತ್ರ ಬರೆದೆ. ಮೂರಕ್ಕೂ ‘ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂಬ ಉತ್ತರ ಬಂತು. ಸಂಬಂಧಪಟ್ಟ ವಿಭಾಗಗಳು ಎರಡಿರುವುದೇ ಇಲ್ಲಿನ ರೋಗ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ನನ್ನ ಹೆಂಡತಿ ನೀರು ಶುದ್ಧೀಕರಣ ಘಟಕದಲ್ಲಿ ಹನ್ನೊಂದು ವರ್ಷ ನೀರು ಪರೀಕ್ಷೆ ಮಾಡಿದವಳು. “ನೀರಲ್ಲಿ ಏನಿದೆ ಅಂತ ದಿನಾ ಬರೀತೀನಿ. ಯಾಕಿದೆ ಅಂತ ಒಬ್ಬರೂ ಕೇಳಲ್ಲ ನೋಡಿ” ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಕೊನೆಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು ನಿಮ್ಮಲ್ಲಿಗೆ ಬಂದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಹಿಂದಿನ ಕೆರೆಯ ತಳದಲ್ಲಿ ಏನೇನು ಸೇರಿಕೊಂಡಿದೆ, ದಡದಲ್ಲಿ ಬದುಕುವವರು ಆ ಕೆರೆಯ ಬಗ್ಗೆ ಏನೇನು ಹೇಳುತ್ತಾರೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ಅವಳ ವಿಷಯ. ನಿಮ್ಮ ಕೈಪಿಡಿ ಇದನ್ನು ‘ಅಂತರಶಿಸ್ತೀಯ ಪರಿಸರ ಸಂಶೋಧನೆ’ ಎಂದು ಕರೆದು, ಮುಖಪುಟದಲ್ಲಿ ಒಂದು ಹಸಿರು ಎಲೆಯನ್ನೂ ಅಚ್ಚುಹಾಕಿಸಿದೆ. ಮಾರ್ಗದರ್ಶಕರು ಇಬ್ಬರು. ರಸಾಯನಶಾಸ್ತ್ರದ ಪ್ರಾಧ್ಯಾಪಕರನ್ನು ನಮ್ಮ ಮನೆಯಲ್ಲಿ ಕೆಸರು ಸರ್ ಎನ್ನುತ್ತೇವೆ. ಸಮಾಜಶಾಸ್ತ್ರದವರನ್ನು ಮಾತು ಮೇಡಂ ಎನ್ನುತ್ತೇವೆ. ಐದು ವರ್ಷ ಇಬ್ಬರೂ ಒಮ್ಮೆಯೂ ಒಂದೇ ಕೋಣೆಯಲ್ಲಿ ಕೂತಿರಲಿಲ್ಲ. ಅವರು ಸೇರಿಸು ಎಂದ ಅಧ್ಯಾಯವನ್ನು ಇವರು ತೆಗೆ ಎನ್ನುತ್ತಿದ್ದರು. ನನ್ನ ಹೆಂಡತಿಯದು ಅತ್ತ ದರಿ ಇತ್ತ ಪುಲಿ.

ಕೆರೆಯ ನಲವತ್ತೆರಡು ಕಡೆಯಿಂದ ನಲವತ್ತೆರಡು ಬಾಟಲಿ ಕೆಸರು ತೆಗೆದಳು. ಅದನ್ನು ತಣ್ಣಗೆ ಇಡಬೇಕು. ರಸಾಯನಶಾಸ್ತ್ರದ ಉಗ್ರಾಣದವರು ಬಾಟಲಿಯ ಚೀಟಿ ಓದಿ, “ಇದರ ಜೊತೆ ಜನರ ಮಾತುಕತೆ ರೆಕಾರ್ಡು ಬೇರೆ ಇದೆಯಂತಲ್ಲಮ್ಮ? ಹಾಗಾದ್ರೆ ಇದು ಸಮಾಜಶಾಸ್ತ್ರದ ಕೆಸರು, ನಮ್ಮದಲ್ಲ” ಎಂದು ಬಾಗಿಲು ಹಾಕಿದರು. ಸಮಾಜಶಾಸ್ತ್ರದ ಜವಾನರು, “ಫ್ರಿಜ್ಜಲ್ಲಿ ಮೇಡಮ್ಮೋರ ಊಟದ ಡಬ್ಬಿ ಪಕ್ಕ ಕೆಸರು ಇಡಕ್ಕಾಗುತ್ತಾ, ನೀವೇ ಹೇಳಿ” ಎಂದರು. ನ್ಯಾಯವಾದ ಮಾತೇ. ಆಮೇಲೆ ತಾವು ‘ಜಂಟಿ ಸ್ವಾಧೀನ ಸಮಿತಿ’ ಮಾಡಿದಿರಿ. ಅದರ ನಿಯಮವನ್ನು ನಾನು ಎರಡೆರಡು ಸಲ ಓದಿದೆ. ಸಭೆ ಕರೆಯುವ ಅಧಿಕಾರ ಅಧ್ಯಕ್ಷರದು. ಅಧ್ಯಕ್ಷರನ್ನು ಆರಿಸುವ ಅಧಿಕಾರ ಸಭೆಯದು. ಇದನ್ನು ಬರೆದ ಮಹಾನುಭಾವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಲುಪಿಸಿ.

ಲಿಫ್ಟು ಕೆಲವು ಸಲ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತುಬಿಡುತ್ತದೆ. ಒಳಗಿರುವವರು ಕೂಗುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಒಂದು ಸಲವೂ ‘ಇವರು ಯಾವ ಮಹಡಿಗೆ ಸೇರಿದವರು’ ಎಂದು ಕೇಳಿಲ್ಲ. ಬಾಗಿಲು ತೆಗೆದು, ಕೈ ಹಿಡಿದು ಎಳೆದುಕೊಂಡಿದ್ದೇನೆ. ಇಷ್ಟು ತಿಳಿಯಲು ನನಗೆ ಯಾವ ಡಾಕ್ಟರೇಟೂ ಬೇಕಾಗಲಿಲ್ಲ. ನಿಮ್ಮಲ್ಲಿ ಅಷ್ಟೊಂದು ಡಾಕ್ಟರೇಟುಗಳಿದ್ದೂ ಯಾಕೆ ತಿಳಿಯಲಿಲ್ಲ?

ಹೀಗೆ ಕೆಸರು ನಮ್ಮ ಮನೆಗೆ ಬಂತು. ನಮ್ಮಮ್ಮ ಹಾಲು ಮೊಸರನ್ನು ಮೇಲಿನ ಅರೆಗೆ ಏರಿಸಿ, ಕೆಳಗಿನ ಎರಡನ್ನು ಸೊಸೆಗೆ ಬಿಟ್ಟುಕೊಟ್ಟರು. ಎಂಟು ತಿಂಗಳು ಎಲ್ಲ ಸರಿಯಾಗಿತ್ತು. ಆಗ ಅಮ್ಮನ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಗೆಳತಿಯ ಮಗಳ ಮದುವೆಗೆಂದು ಬಂದು ಎರಡು ದಿನ ನಮ್ಮಲ್ಲಿ ಇದ್ದು ಹೋದರು.

ಮೂರು ವಾರ ಕಳೆದ ಮೇಲೆ ಬಾಟಲಿಗಳ ಪರೀಕ್ಷೆ ನಡೆಯಿತು. ಹದಿನೇಳನೆಯದರಲ್ಲಿ ಯಾವುದೋ ಹೂವಿನ ಅಂಶ! ನನ್ನ ಹೆಂಡತಿ ನಂಬದೆ ಮೂರು ಸಲ ಪರೀಕ್ಷೆ ಮಾಡಿದಳು. ಮೂರು ಸಲವೂ ಗುಲಾಬಿ. ಕೆಸರು ಸರ್ ಕುರ್ಚಿಯಿಂದ ಎದ್ದೇ ನಿಂತರಂತೆ. “ಕೆರೆಯ ತಳದಲ್ಲಿ ಹಳೇ ಹೂದೋಟ ಹೂತುಹೋಗಿದೆ ಕಣಮ್ಮಾ! ಇದು ದೊಡ್ಡ ವಿಷಯ!” ಸುದ್ದಿ ಕೇಳಿ ಮಾತು ಮೇಡಂ ಬಿಸಿಲಿನಲ್ಲಿ ತಾವೇ ಕೆರೆ ದಡಕ್ಕೆ ಹೋಗಿ, ಅಲ್ಲಿದ್ದ ಮುದುಕರೊಬ್ಬರನ್ನು ಕೇಳಿದರು.

“ತಾತಾ, ಇಲ್ಲಿ ಹಿಂದೆ ಗುಲಾಬಿ ತೋಟ ಇತ್ತಲ್ವಾ?”

“ಇತ್ತು ಅಂತ ನೀವು ಹೇಳಿದ್ರೆ ಇದ್ದಿರಬಹುದು ತಾಯಿ. ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳಿ.”

ಮುಂದಿನ ವಾರಕ್ಕೆ ಇದು ‘ಸಮುದಾಯದ ಕಳೆದುಹೋದ ಪರಿಮಳದ ನೆನಪು’ ಆಯಿತು. ಐದು ವರ್ಷ ಮುಖ ನೋಡದಿದ್ದ ಇಬ್ಬರೂ ಒಂದೇ ಮೇಜಿಗೆ ಕೂತು, ಒಂದೇ ಲೇಖನಕ್ಕೆ ಹೆಸರು ಹಾಕಲು ಒಪ್ಪಿದರು. ಮಾನ್ಯರೇ, ನಿಮ್ಮ ಅಂತರಶಿಸ್ತೀಯ ಯೋಜನೆ ತನ್ನ ಇತಿಹಾಸದಲ್ಲಿ ಒಂದೇ ಒಂದು ಸಲ ಯಶಸ್ವಿಯಾದದ್ದು ಆ ಹದಿಮೂರು ದಿನ.

ಹದಿನಾಲ್ಕನೇ ದಿನ ಚಿಕ್ಕಮ್ಮ ನನ್ನ ಹೆಂಡತಿಗೆ ಫೋನು ಮಾಡಿದರು. “ಅಲ್ಲ ಕಣೇ, ಆ ಫ್ರಿಜ್ಜಲ್ಲಿದ್ದ ಮುಖದ ಲೇಪ ಇನ್ನೊಂದು ಬಾಟಲಿ ಸಿಗುತ್ತಾ? ಮದುವೆಮನೇಲಿ ಎಲ್ಲರೂ ಕೇಳಿದ್ರು. ಅಷ್ಟು ಜೋಪಾನವಾಗಿ ಇಟ್ಟಿದ್ದೆ ಅಂದ್ಮೇಲೆ ದುಬಾರೀದೇ ಇರಬೇಕು ಅಂತ ಸ್ವಲ್ಪಾನೇ ತಗೊಂಡೆ. ಗುಲಾಬಿ ನೀರು, ಜೇನು ಹಾಕಿ ಕಲಸಿದ್ದು ಮಿಕ್ಕಿತು, ವಾಪಸ್ ಬಾಟಲಿಗೇ ತುಂಬಿಟ್ಟೆ. ಪೋಲು ಮಾಡೋ ಜಾಯಮಾನ ನಂದಲ್ಲ.”

ನಾನು ಎದುರಿಗೇ ಇದ್ದೆ. ಐದು ವರ್ಷದ ಕೆಲಸ ಕಣ್ಣೆದುರು ಕುಸಿಯುತ್ತಿದ್ದರೂ ಅವಳು ಮೊದಲು ಕೇಳಿದ ಮಾತು, “ಚಿಕ್ಕಮ್ಮಾ, ಮುಖ ಉರೀತಿದೆಯಾ? ಗುಳ್ಳೆ ಗಿಳ್ಳೆ ಎದ್ದಿದೆಯಾ?” ಎಂದು. ಹದಿನೇಳನೆಯದು ಕಾರ್ಖಾನೆಯ ಕೊಳವೆ ಬಂದು ಬೀಳುವ ಜಾಗದ ಕೆಸರು. ಅದರಲ್ಲಿ ಸೀಸ ಎಷ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಅಂದೇ ಬಸ್ಸು ಹತ್ತಿ ಹೋಗಿ ಚಿಕ್ಕಮ್ಮನನ್ನು ಚರ್ಮದ ಡಾಕ್ಟರ ಬಳಿ ಕರೆದೊಯ್ದಳು.

“ಮುಖಕ್ಕೆ ಏನು ಹಚ್ಚಿದ್ರಿ ಅಮ್ಮಾ?”

“ನಮ್ಮ ಹುಡುಗಿಯ ಪಿಎಚ್‌ಡಿ ಡಾಕ್ಟ್ರೇ.”

ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಇವಳು ಒಬ್ಬಳೇ ಅತ್ತಳಂತೆ. ಬಾಯಿ ಮುಚ್ಚಿಕೊಂಡಿದ್ದರೆ ಲೇಖನ ಅಚ್ಚಾಗುತ್ತಿತ್ತು, ಇಬ್ಬರೂ ಮಾರ್ಗದರ್ಶಕರು ಸಹಿ ಹಾಕುತ್ತಿದ್ದರು, ಇಷ್ಟು ಹೊತ್ತಿಗೆ ಅವಳು ಡಾಕ್ಟರಾಗಿರುತ್ತಿದ್ದಳು. ಅವಳು ಮನೆಗೆ ಬಂದ ಮೇಲೆ ನಾನೇ, ನಾಚಿಕೆ ಬಿಟ್ಟು ಹೇಳುತ್ತೇನೆ, “ಗುಲಾಬಿ ತೋಟ ಇದ್ದರೆ ಯಾರಿಗೇನು ನಷ್ಟ?” ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಎದ್ದು ಹೋಗಿ ಇಲ್ಲದ ಕೆಲಸ ಹುಡುಕಿಕೊಂಡೆ. ಮರುದಿನ ಬೆಳಗ್ಗೆ ಇಬ್ಬರು ಗುರುಗಳ ಮುಂದೆಯೂ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕೆಸರು ಸರ್ ಇದು ಸಮಾಜದ ತಪ್ಪು ಎಂದರು. ಮಾತು ಮೇಡಂ ಇದು ರಸಾಯನದ ತಪ್ಪು ಎಂದರು. ಇಬ್ಬರೂ ತಮ್ಮ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಬಂದದ್ದು ನಿಮ್ಮ ನೋಟಿಸು.

ಅವಳು ನೋಟಿಸು ಓದಿ ಅಳಲಿಲ್ಲ. ಭಾನುವಾರ ಮೊಣಕಾಲುದ್ದದ ರಬ್ಬರು ಬೂಟು ಹಾಕಿಕೊಂಡು ಮತ್ತೆ ಕೆರೆಗೆ ಇಳಿದಳು. ನಾನು ಹಗ್ಗ ಹಿಡಿದೆ, ಅಮ್ಮ ಬಾಟಲಿ ಹಿಡಿದರು. ಚಿಕ್ಕಮ್ಮ ದಡದಲ್ಲಿ ನಿಂತು, “ಇದನ್ನಾ ನಾನು ಮುಖಕ್ಕೆ ಬಳ್ಕೊಂಡಿದ್ದು?” ಎಂದು ಹತ್ತು ಸಲ ಕೇಳಿದರು. ಹೊಸ ಬಾಟಲಿಯಲ್ಲಿ ಗುಲಾಬಿ ಇರಲಿಲ್ಲ, ಸೀಸ ಇತ್ತು. ಪ್ರಬಂಧವನ್ನು ತಿದ್ದಿ ಅದನ್ನೇ ಬರೆದು, ಅಡಿಟಿಪ್ಪಣಿಯಲ್ಲಿ ‘ಮೊದಲ ಮಾದರಿಯನ್ನು ಸಂಶೋಧಕಿಯ ಬಂಧುವೊಬ್ಬರು ಮುಖಕ್ಕೆ ಬಳಸಿದ್ದರಿಂದ ಕೈಬಿಡಲಾಗಿದೆ’ ಎಂದು ಸೇರಿಸಿದಳು. ಇದಕ್ಕಿಂತ ಪ್ರಾಮಾಣಿಕವಾದ ಸಾಲು ನಿಮ್ಮ ಗ್ರಂಥಾಲಯದಲ್ಲಿ ಇನ್ನೆಷ್ಟಿವೆ, ಎಣಿಸಿ ಹೇಳಿ.

ಹೋದ ಮಂಗಳವಾರದ ವಿಚಾರಣೆಗೆ ಚಿಕ್ಕಮ್ಮ ಸಾಕ್ಷಿ ಹೇಳಲು ಬಂದರು. ನಿಮ್ಮ ವಿಚಾರಣಾ ಸಮಿತಿಯ ಐವರು ಸದಸ್ಯರಲ್ಲಿ ಹಿರಿಯರು ಕೇಳಿದರು:

“ತಾವು ಯಾವ ವಿಭಾಗದವರು?”

“ಅವಳ ಅತ್ತೆಯ ತಂಗಿ.”

ಗುಮಾಸ್ತರು ಹಾಗೆಯೇ ಬರೆದುಕೊಂಡರು.

“ಮಾದರಿಯನ್ನು ಯಾವ ವಿಧಾನದಿಂದ ಬೆರೆಸಿದಿರಿ?”

“ಬೆರಳಿಂದ.”

ಎರಡು ಗಂಟೆ ಚರ್ಚೆಯಾಗಿ ತೀರ್ಮಾನ ಹೊರಬಿತ್ತು: ಈ ಪ್ರಮಾದವು ಎರಡೂ ವಿಭಾಗಗಳಿಗೆ ಸೇರಿದ್ದರಿಂದ ಜಂಟಿ ಸ್ವಾಧೀನ ಸಮಿತಿಯ ಮುಂದಿಡತಕ್ಕದ್ದು. ಆ ಸಮಿತಿಯ ಅಧ್ಯಕ್ಷರು ಯಾರೆಂದು ಚಿಕ್ಕಮ್ಮ ಕೇಳಿದಾಗ ಐವರೂ ಕಿಟಕಿಯ ಕಡೆ ನೋಡಿದರು.

ಇಷ್ಟಾದರೂ ನಾನು ಪತ್ರಿಕೆಯವರೆಗೆ ಬರುತ್ತಿರಲಿಲ್ಲವೇನೋ. ಆದರೆ ನಿನ್ನೆ ಬೆಳಗ್ಗೆ ನಮ್ಮ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ದೊಡ್ಡ ಡಬ್ಬಿ ಹೊತ್ತು ನಿಂತಿದ್ದಳು. ಒಳಗಿದ್ದದ್ದು ಬಾವಲಿ ಹಿಕ್ಕೆ.

“ಸರ್, ಇದು ಅರ್ಧ ಪ್ರಾಣಿಶಾಸ್ತ್ರ, ಅರ್ಧ ಅರ್ಥಶಾಸ್ತ್ರ. ಇಬ್ಬರೂ ಇಟ್ಕೊಳಲ್ಲ ಅಂದ್ರು. ಕುಲಸಚಿವರ ಆಫೀಸಲ್ಲೇ ನಿಮ್ಮ ಮನೆ ಅಡ್ರೆಸ್ ಬರೆದುಕೊಟ್ರು.”

ಚೀಟಿ ನೋಡಿದೆ. ನಿಮ್ಮ ಕಚೇರಿಯ ಮೊಹರೇ. ನನ್ನ ಹೆಂಡತಿ ಆಗಲೇ ಡಬ್ಬಿ ಇಳಿಸಲು ಕೈಚಾಚಿದ್ದಳು.

ಮಾನ್ಯರೇ, ನೋಟಿಸನ್ನು ವಾಪಸು ತೆಗೆದುಕೊಳ್ಳಿ. ಪ್ರಬಂಧವನ್ನು ಪರೀಕ್ಷಕರಿಗೆ ಕಳಿಸಿ. ಅವರು ಫೇಲು ಮಾಡಿದರೆ ಮಾಡಲಿ, ಓದಿ ಮಾಡಲಿ. ಒಂದು ಫ್ರೀಜರು ತಂದು ಯಾವುದಾದರೂ ಮೆಟ್ಟಿಲ ಕೆಳಗೆ ಇಡಿಸಿ, ಅದರ ಮೇಲೆ ಯಾವ ವಿಭಾಗದ ಹೆಸರನ್ನೂ ಬರೆಯಬೇಡಿ. ಅದು ಬರುವವರೆಗೆ, ಹಿಕ್ಕೆಯನ್ನು ಮೊಸರಿನ ಮೇಲಿಡಬೇಕೋ ಕೆಳಗಿಡಬೇಕೋ ಎಂದು ನಮ್ಮಮ್ಮ ಕೇಳುತ್ತಿದ್ದಾರೆ. ಮರುಟಪಾಲಿನಲ್ಲಿ ತಿಳಿಸಿ.

ಇಂತಿ,
ಲಿಫ್ಟ್ ರಿಪೇರಿಯವನು, ಸಂಶೋಧಕಿಯ ಗಂಡ,
ಹಾಗೂ ನೇಮಕಾತಿ ಪತ್ರವಿಲ್ಲದೆ ನಿಮ್ಮ ವಿಶ್ವವಿದ್ಯಾಲಯದ ಶೀತಲಗೃಹದ ಮೇಲ್ವಿಚಾರಕ