ಗಂಟಲು ಕಟ್ಟಿದ ತಪಸ್ಸುಕಾಲ

ಮಾರ್ಚ್ 8, ಶನಿವಾರ
ದೇವರಿಗೆ ಇಲ್ಲಿಯವರೆಗೆ ಆದ ಖರ್ಚು: ಮೇಣದಬತ್ತಿ ಮೂರು ಪ್ಯಾಕೆಟ್, ನನ್ನ ಹೆಸರಲ್ಲಿ ಪೂಜೆ ಎರಡು, ಮಂಡಿ ಚರ್ಮ ಒಂದು ಪದರ. ಬಂದದ್ದು: ಸೊನ್ನೆ. ಗಂಟಲು ಹಾಗೇ ಇದೆ. ಈಸ್ಟರ್‌ವರೆಗೆ ಪಿಸುಮಾತೂ ಆಡಕೂಡದು ಎಂದಿದ್ದಾರೆ ಡಾಕ್ಟರು. ಆಡಿದರೆ ದನಿ ಹೋದ ಹಾಗೇ. ಚನ್ನಪಟ್ಟಣದ ಹೈವೇ ಬದಿಯಲ್ಲಿ ಬರೀ ಬಾಯಿಂದ ಗೊಂಬೆ ಮಾರಿ ಅಂಗಡಿ ಕಟ್ಟಿದವನು ನಾನು. ಈಗ ಕೈಯಲ್ಲಿ ಸ್ಲೇಟು.

ಸ್ಲೇಟಿನಲ್ಲಿ ಬರೆದು ತೋರಿಸಿದೆ: ‘ದನಿ ಬಂದರೆ ಚರ್ಚಿಗೆ ಹೊಸ ಮೈಕ್ ಸೆಟ್.’ ಹೆಂಡತಿ ಚಿನ್ನಮ್ಮ ನಕ್ಕಳು.

“ದೇವ್ರ ತಾವೂ ಚೌಕಾಸಿನಾ? ನಿಮ್ ಗಂಟ್ಲು ಆಚೆಗಿರ್ಲಿ, ಅವನೇ ಬೇಕು ಅಂತ ಒಂದ್ ದಿನಾನಾದ್ರೂ ಕೇಳಿದ್ದೀರಾ?”

ಸ್ಲೇಟು ಒರೆಸಿದೆ.

ಮಾರ್ಚ್ 13, ಗುರುವಾರ, ಮಧ್ಯಾಹ್ನ
ಖಾಲಿ ಚರ್ಚಿನಲ್ಲಿ ಕೂತಿದ್ದೆ. ಬಣ್ಣದ ಗಾಜಿನ ನೀಲಿ ಬೆಳಕು ಬೆಂಚಿನ ಮೇಲೆ ಸರಿಯುತ್ತಾ ಬಂತು. ನನ್ನ ಕೈ ಮೇಲೆ ಕಾಲು ಗಂಟೆ ನಿಂತಿತು, ಹೋಯಿತು. ನನ್ನೊಳಗೆ ದೇವರ ಜೊತೆ ವ್ಯಾಪಾರ ನಡೆದೇ ಇತ್ತು… ಆಮೇಲೆ ಅದಕ್ಕೂ ಸುಸ್ತಾಯಿತು. ಪಕ್ಕದಲ್ಲಿ ಯಾರೋ, ಇವನ ಮಾತು ಮುಗಿಯಲಿ ಎಂದು ಬಹಳ ವರ್ಷದಿಂದ ಕಾದು ಕೂತಿದ್ದ ಹಾಗೆ… ತಿರುಗಿದರೆ ಬೆಂಚು ಖಾಲಿ. ಹೆದರಿಕೆ ಆಗಲಿಲ್ಲ. ಎದ್ದು ಬರಲು ಮನಸ್ಸೂ ಆಗಲಿಲ್ಲ.

ಮಾರ್ಚ್ 16, ಭಾನುವಾರ
ಪಾಪನಿವೇದನೆ. ಬಾಯಿಲ್ಲ, ಪಟ್ಟಿ ಬರೆದುಕೊಂಡು ಹೋದೆ. ನಂಬರ್ ಹಾಕಿ ಹದಿನಾಲ್ಕು ಐಟಂ. ಫಾದರ್ ಕನಕಪುರದ ಕಡೆಯವರು, ವಯಸ್ಸಾದವರು. ಕಣ್ಣಿಗೆ ಹತ್ತಿರ ಹಿಡಿದು ಓದಿದರು.

“ಕೋಪ, ಸುಳ್ಳು, ಪೂಜೆ ತಪ್ಸಿದ್ದು… ಇದು ಊರಲ್ಲಿ ಯಾರ್ದಾದ್ರೂ ಆಗ್ಬೌದು ಕಣಯ್ಯ ಇನ್ನಾಸಪ್ಪ. ನೀನು ಎಲ್ಲಿದ್ದೀಯ ಇದ್ರಲ್ಲಿ? ದೇವ್ರು ಬೇಕು ಅಂದ್ರೆ, ಯಾವ ಬಾಗ್ಲಿಗೆ ಬೀಗ ಹಾಕಿದ್ದೀಯೋ ಆ ಬಾಗ್ಲು ತೆಗಿ ಮೊದ್ಲು.”

ಬರೆಯದ ಹದಿನೈದನೆಯದು ನನಗೆ ಗೊತ್ತು. ಸಾಬೀರ್. ಮರ ತಿರುಗಿಸುವ ಲೇತ್ ಯಂತ್ರದ ಮೇಲೆ ಅವನಷ್ಟು ನುಣುಪಾಗಿ ಗೊಂಬೆ ಕಡೆಯುವವರಿಲ್ಲ. ಆರು ವರ್ಷದ ಹಿಂದೆ, ಅವನ ಗೊಂಬೆಯ ಬಣ್ಣ ಮಕ್ಕಳ ಬಾಯಿಗೆ ಬಿಡುತ್ತದೆ ಎಂದು ಬೆಂಗಳೂರಿನ ಶಾಲೆಯವರಿಗೆ ಹೇಳಿದವನು ನಾನು. ಸುಳ್ಳು. ಆರ್ಡರ್ ನನಗೆ ಬಂತು. ಹೇಳಿದ್ದು ಯಾರೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಮಾರ್ಚ್ 25, ಮಂಗಳವಾರ
ಒಂಬತ್ತು ದಿನ ಧೈರ್ಯ ಬರಲಿಲ್ಲ. ಇವತ್ತು ಸಾಬೀರ್‌ನ ಶೆಡ್ಡಿಗೆ ಹೋದೆ. ಎಲ್ಲ ಬರೆದಿದ್ದ ಚೀಟಿ ಕೊಟ್ಟೆ. ಸಾಬೀರ್‌ಗೆ ಕನ್ನಡ ಓದಲು ಬರದು—ಮರೆತೇ ಹೋಗಿತ್ತು! ಮಗಳು ಸಾನಾಳನ್ನು ಕರೆದ. ಡಿಗ್ರಿ ಓದುವ ಹುಡುಗಿ. ಲೇತ್ ಸದ್ದಿನ ಮೇಲೆ ದನಿ ಎತ್ತಿ ಶುರು ಮಾಡಿದಳು: “ನಿಮ್ಮ ಬಣ್ಣ ಬಿಡುತ್ತದೆ ಎಂದು ಸುಳ್ಳು ಹೇಳಿದವನು…” ಅಲ್ಲಿಗೇ ದನಿ ಇಳಿಯಿತು.

ಸಾಬೀರ್ ಲೇತ್ ಆಫ್ ಮಾಡಿದ. “ಪೂರ್ತಿ ಓದು ಬೇಟಿ.”

ಓದಿದಳು. ನಾಲ್ಕು ಜನ ಕೆಲಸದವರು ಕೇಳಿದರು. ಸಮಜಾಯಿಷಿಗೆ ಬಾಯಿ ತೆರೆದೆ… ಮುಚ್ಚಿದೆ.

“ರಂಜಾನ್ ರೋಜಾ ಇದೀನಿ, ಉಪವಾಸದಲ್ಲಿ ಬೈಯಂಗಿಲ್ಲ. ಅದ್ನೇ ನೋಡ್ಕೊಂಡ್ ಬಂದ್ಯಾ?” ಅಂದ ಸಾಬೀರ್.

ಇಲ್ಲವೆಂದು ತಲೆ ಆಡಿಸಿದೆ.

“ಆರ್ ವರ್ಷ ಬಾಯಿ ಇತ್ತಲ್ಲ ನಿಂಗೆ. ಹೋಗು. ಮಾಫಿ ಗೀಫಿ ಈಗ ಕೇಳ್ಬ್ಯಾಡ.”

ಸಾನಾ ಚೀಟಿ ವಾಪಸ್ ಕೊಡಲಿಲ್ಲ.

ಮಾರ್ಚ್ 26, ಬುಧವಾರ
ಶಾಲೆಯವರಿಗೂ ನಿಜ ಬರೆದು ಕಳಿಸಿದೆ. ಆಮೇಲೆ ಚರ್ಚು. ದನಿ ಕೊಡು ಎಂದು ಕೇಳಲಿಲ್ಲ. ನೀನು ಬೇಕು… ಅಷ್ಟೇ. ಎಷ್ಟು ಹೊತ್ತು ಕೂತೆನೋ. ಲೇತ್‌ನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದರೆ ಬಿಸಿಗೆ ಬಣ್ಣ ತಾನೇ ಕರಗಿ ಹತ್ತಿಕೊಳ್ಳುತ್ತದಲ್ಲ, ಹಾಗೆ ಏನೋ ಒಂದು ನನಗೆ ಹತ್ತುತ್ತಿತ್ತು. ಮರಕ್ಕೆ ಮಾಡಲು ಏನೂ ಇರುವುದಿಲ್ಲ.

ಏಪ್ರಿಲ್ 20, ಈಸ್ಟರ್
ಡಾಕ್ಟರು ನಿನ್ನೆ ನೋಡಿದರು. ದನಿ ಅರ್ಧ ಬಂದಿದೆ. ಕೂಗಿ ಮಾರುವುದು ಇನ್ನು ಆಗದಂತೆ.

ಯಾರಿಗೆ ಏನು ಸಿಕ್ಕಿತು. ಸಾಬೀರ್‌ಗೆ: ಶಾಲೆಯ ಆರ್ಡರ್, ಹೋಗಿದ್ದ ಹೆಸರು. ಸಾನಾಗೆ: ನನ್ನನ್ನು ಕಂಡರೆ ಮುಖ ತಿರುಗಿಸುವ ಹಕ್ಕು. ಚಿನ್ನಮ್ಮನಿಗೆ: ಆರು ವಾರದ ನೆಮ್ಮದಿ. ನನಗೆ: ಅರ್ಧ ದನಿ, ಅರ್ಧ ಗಿರಾಕಿ. ಕ್ಷಮೆ—ಸಾಬೀರ್ ಇನ್ನೂ ಕೊಟ್ಟಿಲ್ಲ. ದೇವರು ಸಿಕ್ಕನೋ ಎಂದರೆ… ನಾಳೆ ಮಧ್ಯಾಹ್ನವೂ ಚರ್ಚಿಗೆ ಹೋಗುತ್ತೇನೆ. ಕೇಳುವುದಕ್ಕೆ ಏನೂ ಉಳಿದಿಲ್ಲ, ಆದರೂ ಅವನ ಪಕ್ಕದಲ್ಲಿ ಹೋಗಿ ಕೂರಬೇಕು.